‘ಅಂಗವಿಕಲ ಮಕ್ಕಳಿರುವ ಮನೆಗೆ ತಿಂಗಳಿಗೆ 6000 ರೂಪಾಯಿ’: ಫಾರ್ವರ್ಡ್‌ನಲ್ಲಿ ನಿಜವೆಷ್ಟು, ನಿಮ್ಮ ಮನೆಗೆ ಸಿಗುವುದೇನು?

ಮನೆಯಲ್ಲಿ ಅಂಗವಿಕಲ ಮಗ ಅಥವಾ ಮಗಳಿದ್ದರೆ ತಿಂಗಳಿಗೆ 6000 ರೂಪಾಯಿ ಪಿಂಚಣಿ, ವರ್ಷಕ್ಕೆ ಒಂದೂಕಾಲು ಲಕ್ಷ ರೂಪಾಯಿ, ಜೊತೆಗೆ ಒಂದು ಲಕ್ಷದ ವಿಮೆ. ಕೆಳಗಿನ ಲಿಂಕ್ ಒತ್ತಿ, ಇವತ್ತೇ ಕೊನೆಯ ದಿನ, ನಿಮ್ಮ ಎಲ್ಲ ಗ್ರೂಪುಗಳಿಗೂ ಕಳುಹಿಸಿ. ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇನ್ನೊಂದು ಬಗೆಯ ಮಾತು ಫಾರ್ವರ್ಡ್‌ನಲ್ಲಿ ಬರುವುದಕ್ಕಿಂತ ಹೆಚ್ಚಾಗಿ ನೆಂಟರ ಬಾಯಲ್ಲಿ ಕೇಳುತ್ತದೆ: ‘ಮಕ್ಕಳಿಗೆ 25 ತುಂಬಿತು ಅಂದ್ರೆ ಮುಗೀತು, ಆಮೇಲೆ ಏನೂ ಸಿಗಲ್ಲ.’

ಮೊದಲನೆಯ ಮಾತು ಇಲ್ಲದ ಆಸೆ ಹುಟ್ಟಿಸುತ್ತದೆ. ಎರಡನೆಯದು ಇರುವ ಹಕ್ಕನ್ನೇ ಬಿಡಿಸುತ್ತದೆ. ಇವೆರಡರಲ್ಲಿ ಹೆಚ್ಚು ನಷ್ಟ ಮಾಡುವುದು ಎರಡನೆಯದೇ.

ಚುಟುಕಾಗಿ ಉತ್ತರ

ಕುಟುಂಬಕ್ಕೆ ಒಟ್ಟಾಗಿ ಹಣ ಕೊಡುವ ಒಂದೇ ಯೋಜನೆ ಎಂಬುದು ನಮ್ಮಲ್ಲಿ ಇಲ್ಲ. ಬೇರೆ ಬೇರೆ ಕಾನೂನುಗಳ ಅಡಿಯಲ್ಲಿ ಬೇರೆ ಬೇರೆ ಸೌಲಭ್ಯಗಳಿವೆ. ಫಾರ್ವರ್ಡ್‌ನಲ್ಲಿರುವ ಮೂರೂ ಅಂಕಿಗಳಿಗೆ ಮೂಲ ಇದೆ, ಆದರೆ ಮೂರನ್ನೂ ತಪ್ಪಾಗಿ ಹೇಳಲಾಗಿದೆ. 25 ವರ್ಷಕ್ಕೆ ಎಲ್ಲವೂ ನಿಲ್ಲುತ್ತದೆ ಎಂಬುದು ಸುಳ್ಳು. ದೊಡ್ಡ ಸೌಲಭ್ಯಗಳಲ್ಲಿ ಕೆಲವು ಜೀವನಪರ್ಯಂತ ಇರುತ್ತವೆ. ಆದರೆ ಯಾವುದೂ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ತಂದೆ ತಾಯಿ ಇರುವಾಗಲೇ ಕಾಗದಪತ್ರ ಸರಿಮಾಡಿಟ್ಟರೆ ಮಾತ್ರ ಅವರ ನಂತರ ಸುಲಭವಾಗಿ ಸಿಗುತ್ತವೆ.

18 ತುಂಬಿದಾಗ ಏನಾಗುತ್ತದೆ?

ಮನೆಯವರ ಕಣ್ಣಿಗೆ ಮಗು ಮಗುವೇ. ಮೂವತ್ತು ವರ್ಷದ ಮಗನಿಗೆ ಅಮ್ಮನೇ ತುತ್ತು ಮಾಡಿ ಉಣಿಸುವ ಮನೆಗಳಿವೆ. ಆದರೆ ಕಾನೂನಿನ ಕಣ್ಣಿಗೆ 18 ತುಂಬಿದ ದಿನವೇ ಆತ ಸ್ವತಂತ್ರ ವಯಸ್ಕ. ಹಾಗಾಗಿ ಸೌಲಭ್ಯಗಳು ಮೂರು ದಾರಿಯಲ್ಲಿ ಬರುತ್ತವೆ.

ಒಂದು, ಅಂಗವಿಕಲ ವ್ಯಕ್ತಿಯ ಸ್ವಂತ ಹೆಸರಿನಲ್ಲಿ ಬರುವವು. ಮಾಸಾಶನ, ಯುಡಿಐಡಿ ಕಾರ್ಡ್, ರೈಲು ರಿಯಾಯಿತಿ ಈ ಗುಂಪಿಗೆ ಸೇರುತ್ತವೆ. ಎರಡು, ಸಾಕುವವರ ಹೆಸರಿನಲ್ಲಿ ಬರುವವು. ತೆರಿಗೆ ಕಡಿತ ಇಂಥದ್ದು. ಮೂರು, ತಂದೆ ಅಥವಾ ತಾಯಿಯ ನೌಕರಿಯ ಮೂಲಕ ಬರುವವು. ಕುಟುಂಬ ಪಿಂಚಣಿ, ಇಪಿಎಫ್ ಪಿಂಚಣಿ, ಇಎಸ್‌ಐ ಚಿಕಿತ್ಸೆ ಇದರಲ್ಲಿವೆ. ಫಾರ್ವರ್ಡ್‌ಗಳು ಈ ಮೂರನ್ನೂ ಕಲಸಿ ಒಂದೇ ‘ಯೋಜನೆ’ ಮಾಡಿಬಿಡುತ್ತವೆ. ಗೊಂದಲದ ಬೇರು ಇಲ್ಲಿದೆ. ಒಂದೊಂದಾಗಿ ಬಿಡಿಸಿ ನೋಡೋಣ.

ಮಾತು 1: ‘ಸರ್ಕಾರ ತಿಂಗಳಿಗೆ 6000 ಕೊಡುತ್ತದೆ’

ಕೊಡುತ್ತದೆ, ಆದರೆ ಆಂಧ್ರಪ್ರದೇಶದಲ್ಲಿ. 2024ರಲ್ಲಿ ಆಂಧ್ರ ಸರ್ಕಾರ ಅಂಗವಿಕಲರ ಪಿಂಚಣಿಯನ್ನು 3000 ರೂಪಾಯಿಯಿಂದ 6000ಕ್ಕೆ ಏರಿಸಿತು. ಹಾಸಿಗೆ ಹಿಡಿದಿರುವ, ಸಂಪೂರ್ಣವಾಗಿ ಇನ್ನೊಬ್ಬರ ಮೇಲೆ ಅವಲಂಬಿತರಾದವರಿಗೆ ಅಲ್ಲಿ 15,000ದವರೆಗೂ ಇದೆ. ಆ ಸುದ್ದಿಯಿಂದ ರಾಜ್ಯದ ಹೆಸರನ್ನು ತೆಗೆದುಬಿಟ್ಟರೆ ಅದೇ ನಮ್ಮ ಫಾರ್ವರ್ಡ್ ಆಗುತ್ತದೆ.

ಕೇಂದ್ರ ಸರ್ಕಾರದ ಪಾಲು ಇದಕ್ಕಿಂತ ಬಹಳ ಚಿಕ್ಕದು. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ ಕೇಂದ್ರ ಕೊಡುವುದು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ, ಶೇ. 80ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ. 80 ವರ್ಷ ದಾಟಿದವರಿಗೆ 500 ರೂಪಾಯಿ. ಉಳಿದದ್ದನ್ನು ಆಯಾ ರಾಜ್ಯ ತನ್ನ ಕೈಯಿಂದ ಸೇರಿಸುತ್ತದೆ. ಹಾಗಾಗಿಯೇ ಒಂದೊಂದು ರಾಜ್ಯದಲ್ಲಿ ಒಂದೊಂದು ಮೊತ್ತ.

ಕರ್ನಾಟಕದಲ್ಲಿ ವೈಕಲ್ಯ ಶೇ. 40ರಿಂದ 74ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, ಶೇ. 75 ಅಥವಾ ಹೆಚ್ಚಿದ್ದರೆ 1400 ರೂಪಾಯಿ, ಬೌದ್ಧಿಕ ವೈಕಲ್ಯ ಶೇ. 75ಕ್ಕಿಂತ ಹೆಚ್ಚಿದ್ದರೆ 2000 ರೂಪಾಯಿ ಎಂಬ ದರ ಇದೆ. ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿಯೂ ಇದೆ. ಮೊತ್ತವನ್ನೂ ಮಿತಿಯನ್ನೂ ಸರ್ಕಾರ ಆಗಾಗ ಬದಲಿಸುವುದರಿಂದ ಅರ್ಜಿ ಹಾಕುವ ದಿನದ ದರವನ್ನು ನಾಡಕಚೇರಿಯಲ್ಲೇ ಕೇಳಿಕೊಳ್ಳಿ. ಅರ್ಜಿ ಹಾಕುವುದೂ ಅಲ್ಲಿಯೇ, ಅಂದರೆ ಹೋಬಳಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಪ್ರಮಾಣಪತ್ರದಲ್ಲಿ ಶೇ. 74 ಎಂದಿದ್ದರೆ 800, ಶೇ. 75 ಎಂದಿದ್ದರೆ 1400. ವೈದ್ಯಕೀಯ ಮಂಡಳಿ ಬರೆಯುವ ಒಂದು ಅಂಕಿಯ ಮೇಲೆ ತಿಂಗಳಿಗೆ 600 ರೂಪಾಯಿ ನಿಂತಿದೆ. ಹಾಗಾಗಿ ತಪಾಸಣೆಗೆ ಹೋಗುವಾಗ ಹಳೆಯ ಚಿಕಿತ್ಸೆಯ ಕಾಗದ, ಬುದ್ಧಿಮಟ್ಟದ ಪರೀಕ್ಷೆಯ ವರದಿ, ವಿಶೇಷ ಶಾಲೆಯ ದಾಖಲೆ ಎಲ್ಲವನ್ನೂ ಒಯ್ಯಿರಿ. ಸ್ನಾನ, ಶೌಚ, ಊಟಕ್ಕೆ ಎಷ್ಟು ಸಹಾಯ ಬೇಕು ಎಂಬುದನ್ನು ಸಂಕೋಚಪಡದೆ ಹೇಳಿ. ‘ನಮ್ಮ ಹುಡುಗ ಚೆನ್ನಾಗೇ ಇದ್ದಾನೆ ಸಾರ್’ ಎಂದು ಅಭಿಮಾನದಿಂದ ಹೇಳುವ ಮಾತು ಅಲ್ಲಿ ಅವನಿಗೇ ತೊಂದರೆಯಾಗಬಹುದು.

ಮಾತು 2: ‘ವರ್ಷಕ್ಕೆ 1.25 ಲಕ್ಷ ಖಾತೆಗೆ ಬರುತ್ತದೆ’

ಬರುವುದಿಲ್ಲ. ಇದು ಆದಾಯ ತೆರಿಗೆಯ ಲೆಕ್ಕದಲ್ಲಿ ಸಿಗುವ ಕಡಿತ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂಬ ಸೆಕ್ಷನ್ ಇತ್ತು. ಅಂಗವಿಕಲ ಅವಲಂಬಿತರನ್ನು ಸಾಕುವವರು ತಮ್ಮ ಆದಾಯದಿಂದ ಇಂತಿಷ್ಟು ಮೊತ್ತ ಕಳೆದು ತೆರಿಗೆ ಲೆಕ್ಕ ಹಾಕಬಹುದು ಎಂದು ಅದು ಹೇಳುತ್ತಿತ್ತು. ವೈಕಲ್ಯ ಶೇ. 40ರಿಂದ 80ರೊಳಗೆ ಇದ್ದರೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಕಡಿತ ಉಳಿದಿದೆ.

ಕಡಿತ ಎಂದರೆ ಕೈಗೆ ಬರುವ ಹಣವಲ್ಲ. ಉದಾಹರಣೆಗೆ ನೀವು ಶೇ. 20ರ ತೆರಿಗೆ ಹಂತದಲ್ಲಿದ್ದೀರಿ ಎಂದುಕೊಳ್ಳಿ. 1,25,000ಕ್ಕೆ ಶೇ. 20 ಎಂದರೆ 25,000, ಅದರ ಮೇಲಿನ ಸೆಸ್ ಸೇರಿಸಿದರೆ 26,000. ನಿಜವಾಗಿ ಉಳಿಯುವುದು ಇಷ್ಟು. ತೆರಿಗೆಯನ್ನೇ ಕಟ್ಟದ ಮನೆಗೆ ಇದರಿಂದ ಒಂದು ರೂಪಾಯಿಯೂ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ಕಡಿತ ಇಲ್ಲ, ಹಳೆಯ ಪದ್ಧತಿಯಲ್ಲಿರುವವರಿಗೆ ಮಾತ್ರ. ಯಾವ ಪದ್ಧತಿ ಲಾಭ ಎಂದು ಎರಡನ್ನೂ ಲೆಕ್ಕ ಹಾಕಿಯೇ ನಿರ್ಧರಿಸಿ.

ಆದರೆ ಇದರಲ್ಲಿ ಬಹಳ ಜನರಿಗೆ ತಿಳಿಯದ ಎರಡು ಒಳ್ಳೆಯ ಅಂಶಗಳಿವೆ. ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿ ಇಲ್ಲ. ನಲವತ್ತು ವರ್ಷದವರಾದರೂ ನಿಮ್ಮ ಮೇಲೆ ಅವಲಂಬಿತರಾಗಿದ್ದರೆ ಸಾಕು. ಮತ್ತೆ, ಖರ್ಚು ಮಾಡಿದ್ದು ಎಷ್ಟೇ ಇರಲಿ, ಕಡಿತ ಪೂರ್ತಿ ಸಿಗುತ್ತದೆ. ಅಂಗವಿಕಲ ವ್ಯಕ್ತಿಯೇ ತನ್ನ ಆದಾಯಕ್ಕೆ ಇಂಥದ್ದೇ ಕಡಿತ ಪಡೆದಿದ್ದರೆ ಮಾತ್ರ ನೀವು ಪಡೆಯುವಂತಿಲ್ಲ.

ಮಾತು 3: ‘ಒಂದು ಲಕ್ಷದ ವಿಮೆ ಉಚಿತ’

ಇದು ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯ ಮಾತು. ನ್ಯಾಷನಲ್ ಟ್ರಸ್ಟ್ ಎಂಬುದು 1999ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ. ಇದು ನಾಲ್ಕು ಬಗೆಯವರಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ. ಕಣ್ಣು ಕಾಣದವರು, ಪೋಲಿಯೊದಿಂದ ಕಾಲು ಸೋತವರು, ಬೇರೆ ವೈಕಲ್ಯ ಜೊತೆಗಿಲ್ಲದಿದ್ದರೆ, ಇದರ ವ್ಯಾಪ್ತಿಗೆ ಬರುವುದಿಲ್ಲ.

ಲಕ್ಷ ರೂಪಾಯಿ ಎಂಬುದು ಕೈಗೆ ಕೊಡುವ ಹಣವಲ್ಲ, ಚಿಕಿತ್ಸೆಗೆ ಮಾಡಿದ ಖರ್ಚನ್ನು ಹಿಂತಿರುಗಿಸುವ ವಾರ್ಷಿಕ ಗರಿಷ್ಠ ಮಿತಿ. ಅದರೊಳಗೂ ಆಸ್ಪತ್ರೆ ದಾಖಲಾತಿಗೆ, ಥೆರಪಿಗೆ, ಹೊರರೋಗಿ ಚಿಕಿತ್ಸೆಗೆ ಬೇರೆ ಬೇರೆ ಒಳಮಿತಿಗಳಿವೆ. ನೋಂದಣಿಗೆ ಸಣ್ಣ ಶುಲ್ಕ ಇದೆ. ಪ್ರತಿ ವರ್ಷ ನವೀಕರಿಸಬೇಕು.

ಹಾಗಿದ್ದರೂ ಇದು ಬಿಡುವಂಥದ್ದಲ್ಲ. ಮಾಮೂಲಿ ವಿಮಾ ಕಂಪನಿಗಳು ‘ಮೊದಲೇ ಇದ್ದ ಕಾಯಿಲೆ’ ಎಂದು ಹಿಂದೆ ಸರಿಯುವ ಕಡೆ ನಿರಾಮಯದಲ್ಲಿ ಮುಂಚಿತ ವೈದ್ಯಕೀಯ ತಪಾಸಣೆಯನ್ನೇ ಕೇಳುವುದಿಲ್ಲ. ವಯಸ್ಸಿನ ಮಿತಿಯೂ ಇಲ್ಲ. ಫಿಸಿಯೊಥೆರಪಿ, ಸ್ಪೀಚ್ ಥೆರಪಿಯಂಥ, ವರ್ಷಗಟ್ಟಲೆ ಜೇಬು ಖಾಲಿ ಮಾಡುವ ಖರ್ಚಿಗೂ ಒಂದಿಷ್ಟು ನೆರವಾಗುತ್ತದೆ.

ಮಾತು 4: ‘25 ವರ್ಷ ಆದರೆ ಅಪ್ಪನ ಪಿಂಚಣಿ ಸಿಗಲ್ಲ’

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸರ್ಕಾರಿ ನೌಕರ ಅಥವಾ ನಿವೃತ್ತ ನೌಕರ ತೀರಿಕೊಂಡರೆ ಮೊದಲು ಪತಿ ಅಥವಾ ಪತ್ನಿಗೆ ಕುಟುಂಬ ಪಿಂಚಣಿ. ಅವರ ನಂತರ 25 ವರ್ಷದೊಳಗಿನ ಮಕ್ಕಳಿಗೆ. 25ರ ಮಾತು ಬಂದಿದ್ದು ಇಲ್ಲಿಂದಲೇ. ಆದರೆ ಅದೇ ನಿಯಮ ಮುಂದುವರಿದು ಹೇಳುತ್ತದೆ: ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ಸ್ವಂತ ಜೀವನೋಪಾಯ ಗಳಿಸಲಾಗದ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ. ಕೇಂದ್ರ ಸರ್ಕಾರಿ ನೌಕರರಿಗೆ ಇದು ಮೊದಲು 1972ರ ಪಿಂಚಣಿ ನಿಯಮಗಳಲ್ಲಿತ್ತು, ಈಗ 2021ರ ನಿಯಮಗಳಲ್ಲಿದೆ. ಕರ್ನಾಟಕ ಸರ್ಕಾರಿ ನೌಕರರಿಗೆ 2002ರ ಕುಟುಂಬ ಪಿಂಚಣಿ ನಿಯಮಗಳಿವೆ. ಮುಂದೆ ಹೇಳುವ ವಿವರಗಳು ಕೇಂದ್ರದ ನಿಯಮಗಳವು. ರಾಜ್ಯ ನೌಕರರ ಮನೆಯವರು ತಮ್ಮ ಇಲಾಖೆಯ ಆಡಳಿತ ಶಾಖೆಯಲ್ಲಿ ರಾಜ್ಯದ ವಿವರ ಕೇಳಿಕೊಳ್ಳಬೇಕು.

ಎಷ್ಟು ಸಿಗುತ್ತದೆ? ಸಾಮಾನ್ಯ ದರದಲ್ಲಿ ನೌಕರ ಕೊನೆಗೆ ಪಡೆದ ಮೂಲ ವೇತನದ ಶೇ. 30, ಅದರ ಮೇಲೆ ತುಟ್ಟಿಭತ್ಯೆ. ಕೊನೆಯ ಮೂಲ ವೇತನ 50,000 ಇದ್ದರೆ 15,000 ಮತ್ತು ತುಟ್ಟಿಭತ್ಯೆ. ಕನಿಷ್ಠ ಮೊತ್ತ 9000 ರೂಪಾಯಿ. ಮಾಸಾಶನದ 1400 ಅಥವಾ 2000ದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಗೊತ್ತಿಲ್ಲದೆ ಕಳೆದುಕೊಂಡರೆ ಎಷ್ಟು ಹೋಗುತ್ತದೆ ಎಂಬುದು ತಿಳಿಯುತ್ತದೆ.

‘ಅವನು ಸಣ್ಣಪುಟ್ಟ ಕೆಲಸ ಮಾಡ್ತಾನೆ, ಅವನಿಗೆ ಬರಲ್ಲ’ ಎನ್ನುವವರಿದ್ದಾರೆ. ಮೊದಲು ಆದಾಯದ ಮಿತಿ 9000 ರೂಪಾಯಿ ಮತ್ತು ತುಟ್ಟಿಭತ್ಯೆ ಎಂದಿತ್ತು. 2021ರ ಫೆಬ್ರವರಿಯ ಆದೇಶ ಅದನ್ನು ಸಡಿಲಿಸಿತು. ಈಗ ಆತನ ಬೇರೆ ಆದಾಯ ಆತನಿಗೆ ಸಿಗಬೇಕಾದ ಕುಟುಂಬ ಪಿಂಚಣಿಗಿಂತ ಕಡಿಮೆ ಇದ್ದರೆ ಸಾಕು. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 12,000 ದುಡಿಯುವ ಮಗ ಆದಾಯದ ಕಾರಣಕ್ಕೆ ಅನರ್ಹನಾಗುವುದಿಲ್ಲ.

‘ಮದುವೆಯಾದರೆ ನಿಲ್ಲುತ್ತದೆ’ ಎಂಬುದೂ ಹಳೆಯ ಮಾತು. ಅಂಗವಿಕಲ ಮಕ್ಕಳು ಮದುವೆಯಾದ ನಂತರವೂ ಕುಟುಂಬ ಪಿಂಚಣಿಗೆ ಅರ್ಹರು ಎಂದು ಕೇಂದ್ರ ಸರ್ಕಾರ 2013ರಲ್ಲೇ ಆದೇಶ ಮಾಡಿದೆ.

ಎರಡು ಎಚ್ಚರಿಕೆ ಅಗತ್ಯ. ಶೇ. 40 ಎಂದು ಬರೆದ ಕಾರ್ಡ್ ಒಂದೇ ಇಲ್ಲಿ ಸಾಲದು. ವೈಕಲ್ಯದಿಂದಾಗಿ ಜೀವನೋಪಾಯ ಗಳಿಸಲು ಆಗುವುದಿಲ್ಲ ಎಂಬುದು ವೈದ್ಯಕೀಯ ಪ್ರಮಾಣಪತ್ರದಲ್ಲಿ ಬರಬೇಕು. ವೈಕಲ್ಯ ಶಾಶ್ವತ ಎಂದಿದ್ದರೆ ಪದೇ ಪದೇ ಪ್ರಮಾಣಪತ್ರ ಕೊಡಬೇಕಿಲ್ಲ. ತಾತ್ಕಾಲಿಕ ಎಂದಿದ್ದರೆ ಐದು ವರ್ಷಕ್ಕೊಮ್ಮೆ ಕೊಡಬೇಕು.

ಇನ್ನೊಂದು, ಹೆಸರು ಸೇರಿಸುವುದು. ನಿವೃತ್ತ ತಂದೆ ಅಥವಾ ತಾಯಿ ಬದುಕಿರುವಾಗಲೇ ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಶಾಶ್ವತ ವೈಕಲ್ಯವಿರುವ ಮಗ ಅಥವಾ ಮಗಳ ಹೆಸರನ್ನು ಸೇರಿಸಲು ಅವಕಾಶವಿದೆ. ಹೀಗೆ ಮಾಡಿಟ್ಟರೆ ಮುಂದೆ ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟು ಪಿಂಚಣಿ ಆರಂಭಿಸುವುದು ಸುಲಭ. ಮಾಡದಿದ್ದರೆ ಇಬ್ಬರೂ ಹೋದ ಮೇಲೆ ಅಣ್ಣನೋ ಅಕ್ಕನೋ ಹಳೆಯ ಕಚೇರಿಯ ಕಡತ ಹುಡುಕಿಸಿಕೊಂಡು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಖಾಸಗಿ ಕಂಪನಿಯಲ್ಲಿ ದುಡಿದವರಿಗೆ?

ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿ, ಸೆಕ್ಯೂರಿಟಿ ಕೆಲಸ ಎಲ್ಲೇ ಇರಲಿ, ಸಂಬಳದಿಂದ ಪಿಎಫ್ ಹಿಡಿಯುತ್ತಿದ್ದರೆ 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯತ್ವ ಸಾಮಾನ್ಯವಾಗಿ ಇರುತ್ತದೆ. ಸದಸ್ಯ ತೀರಿಕೊಂಡರೆ ಪತ್ನಿ ಅಥವಾ ಪತಿಗೆ ಪಿಂಚಣಿ, ಜೊತೆಗೆ ಇಬ್ಬರು ಮಕ್ಕಳಿಗೆ 25 ತುಂಬುವವರೆಗೆ. ಆದರೆ ಶಾಶ್ವತ ಮತ್ತು ಪೂರ್ಣ ವೈಕಲ್ಯವಿರುವ ಮಗ ಅಥವಾ ಮಗಳಿಗೆ ಈ 25ರ ಮಿತಿ ಅನ್ವಯಿಸುವುದಿಲ್ಲ, ಇಬ್ಬರು ಮಕ್ಕಳೆಂಬ ಲೆಕ್ಕವೂ ಅನ್ವಯಿಸುವುದಿಲ್ಲ.

ಮೊತ್ತ ದೊಡ್ಡದಲ್ಲ. ಮಕ್ಕಳ ಪಿಂಚಣಿ ಪತ್ನಿಯ ಪಿಂಚಣಿಯ ಶೇ. 25, ಕನಿಷ್ಠ 250 ರೂಪಾಯಿ. ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಶೇ. 75, ಕನಿಷ್ಠ 750 ರೂಪಾಯಿ. ಆದರೂ ಸೇವಾವಧಿ ಹೆಚ್ಚಿದ್ದ ಮನೆಗಳಲ್ಲಿ ಇದು ಪ್ರತಿ ತಿಂಗಳ ಔಷಧಿಗಾದರೂ ಆಗುತ್ತದೆ. ಇದಕ್ಕೆ ಫಾರ್ಮ್ 10-ಡಿ ಭರ್ತಿಮಾಡಿ ಪಿಎಫ್ ಕಚೇರಿಗೆ ಕೊಡಬೇಕು.

ಇಎಸ್‌ಐ ಇರುವವರಿಗೆ ಇನ್ನೊಂದು ಅನುಕೂಲವಿದೆ. ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ಪೂರ್ತಿಯಾಗಿ ನೌಕರನ ಮೇಲೆ ಅವಲಂಬಿತರಾದ ಮಕ್ಕಳನ್ನು, ಆ ಸ್ಥಿತಿ ಇರುವವರೆಗೂ, ವಯಸ್ಸು ನೋಡದೆ ಕಾನೂನು ‘ಕುಟುಂಬ’ದೊಳಗೆ ಸೇರಿಸಿದೆ. ಅಂದರೆ 35 ವರ್ಷದ ಮಗಳಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕಿದೆ. ವಯಸ್ಸಿನ ಕಾರಣಕ್ಕೆ ಅವಳ ಹೆಸರು ಬಿಟ್ಟುಹೋಗಿದ್ದರೆ ಕಂಪನಿಯ ಮೂಲಕ ದಾಖಲೆ ಕೊಟ್ಟು ಸೇರಿಸಿ.

ಮಾತು 5: ‘ನಾವೇ ಹೆತ್ತವರು, ನಾವೇ ಗಾರ್ಡಿಯನ್’

18 ತುಂಬುವವರೆಗೆ ಮಾತ್ರ. ಆಮೇಲೆ ಹೆತ್ತವರೂ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಮಗ ವಯಸ್ಕ, ಅವನ ಪರವಾಗಿ ಸಹಿ ಹಾಕಲು ಯಾರಿಗೂ ಸಹಜ ಅಧಿಕಾರವಿಲ್ಲ. ಆಸ್ತಿ ಮಾರಾಟಕ್ಕೋ ಬ್ಯಾಂಕ್ ಖಾತೆಗೋ ಹೋದಾಗ ಇದು ಥಟ್ಟನೆ ಎದುರಾಗುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದಕ್ಕೊಂದು ದಾರಿ ಮಾಡಿದೆ. ಇದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕಿಲ್ಲ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರೂ ಇರುತ್ತಾರೆ. ತಂದೆ ತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಿ ಪಾಲಕರ ನೇಮಕ ಮಾಡಿಸಿಕೊಳ್ಳಬಹುದು.

ಪಾಲಕ ಎಂದರೆ ಯಜಮಾನ ಎಂದಲ್ಲ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಅಥವಾ ದುರುಪಯೋಗ ಕಂಡುಬಂದರೆ ಪಾಲಕನನ್ನು ತೆಗೆದುಹಾಕಲು ಅವಕಾಶವಿದೆ. ‘ನಮ್ಮ ನಂತರ ಆಸ್ತಿಗಾಗಿ ಇವನನ್ನು ಯಾರು ಏನು ಮಾಡುತ್ತಾರೋ’ ಎಂಬ ಹೆತ್ತವರ ಭಯಕ್ಕೆ ಕಾನೂನು ಕೊಟ್ಟಿರುವ ಉತ್ತರ ಇದು.

ಮಾನಸಿಕ ಕಾಯಿಲೆ ಇರುವವರಿಗೆ ಈ ದಾರಿ ಅನ್ವಯಿಸದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವರು ತಮ್ಮ ಚಿಕಿತ್ಸೆಯ ವಿಷಯಕ್ಕೆ ಒಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಅದು ಚಿಕಿತ್ಸೆಗೆ ಸೀಮಿತ, ಆಸ್ತಿಗೆ ಅಲ್ಲ.

ಕುಟುಂಬ ಪಿಂಚಣಿಗೆ ಸಂಬಂಧಿಸಿ ಒಂದು ಸಮಾಧಾನದ ವಿಷಯವೂ ಇದೆ. ಮಾನಸಿಕ ವೈಕಲ್ಯವಿರುವ ಮಗುವಿಗಾಗಿ ಕೇಂದ್ರದ ನೌಕರ ಅಥವಾ ಪಿಂಚಣಿದಾರ ಮೊದಲೇ ಒಬ್ಬರನ್ನು ನಾಮನಿರ್ದೇಶನ ಮಾಡಿಟ್ಟಿದ್ದರೆ ಪಿಂಚಣಿ ಅವರ ಮೂಲಕ ಸಿಗುತ್ತದೆ. ಆಗ ಬ್ಯಾಂಕು ಕೋರ್ಟಿನ ಪಾಲಕತ್ವ ಪತ್ರಕ್ಕೆ ಪಟ್ಟು ಹಿಡಿಯುವಂತಿಲ್ಲ ಎಂದು ಪಿಂಚಣಿ ಇಲಾಖೆ ಸ್ಪಷ್ಟಪಡಿಸಿದೆ.

ಎಲ್ಲದಕ್ಕೂ ಮೊದಲ ಮೆಟ್ಟಿಲು: ಯುಡಿಐಡಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು ಮಾತ್ರ. ಆಟಿಸಂ, ತಲಸ್ಸೇಮಿಯಾ, ಪಾರ್ಕಿನ್ಸನ್ಸ್, ಆ್ಯಸಿಡ್ ದಾಳಿಯ ಗಾಯ ಇವೆಲ್ಲ ಆಮೇಲೆ ಸೇರಿದವು. ‘ನಮ್ಮ ಮಗಳದ್ದು ಆ ಪಟ್ಟಿಯಲ್ಲಿ ಇಲ್ಲ’ ಎಂದು ಹಿಂದೆ ಕೇಳಿ ಬಿಟ್ಟಿದ್ದವರು ಮತ್ತೊಮ್ಮೆ ವಿಚಾರಿಸಬೇಕು.

ಯುಡಿಐಡಿ ಕಾರ್ಡಿಗೆ ಕೇಂದ್ರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಅರ್ಜಿಗೆ ಸರ್ಕಾರ ಶುಲ್ಕ ಕೇಳುವುದಿಲ್ಲ. ಬಾಲ್ಯದಲ್ಲಿ ಮಾಡಿಸಿದ ಪ್ರಮಾಣಪತ್ರವಿದ್ದರೆ ಅದರ ಅವಧಿ ಮುಗಿದಿದೆಯೇ ನೋಡಿ.

ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ವಿಆರ್‌ಡಬ್ಲ್ಯು, ಇರುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು. ಅರ್ಜಿ ಹಾಕಿಸುವುದು, ತಪಾಸಣೆಯ ದಿನ ತಿಳಿಸುವುದು ಅವರ ಕೆಲಸ. ಏಜೆಂಟರಿಗೆ ಹಣ ಕೊಡುವ ಮೊದಲು ಇವರನ್ನು ಹುಡುಕಿ.

ಸಣ್ಣದೆಂದು ಬಿಡಬಾರದವು

ಬೌದ್ಧಿಕ ವೈಕಲ್ಯದಿಂದ ಒಬ್ಬರೇ ಪ್ರಯಾಣ ಮಾಡಲಾಗದವರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅದೇ ರಿಯಾಯಿತಿ. ಚಿಕಿತ್ಸೆಗೆಂದು ಬೆಂಗಳೂರಿಗೋ ಮಂಗಳೂರಿಗೋ ಪದೇ ಪದೇ ಹೋಗುವವರಿಗೆ ಇದು ದೊಡ್ಡ ಉಳಿತಾಯ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ಅಂಗವಿಕಲರಿಗಾಗಿ ಬಳಸಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಗಾಲಿಕುರ್ಚಿ, ಶೌಚಾಲಯದ ಬದಲಾವಣೆಯಂಥ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಡಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋಸಲ್ಫಾನ್ ಸಂತ್ರಸ್ತರಿಗೆ ಪ್ರತ್ಯೇಕ ಮಾಸಾಶನವಿದೆ.

ಬರುತ್ತಿದ್ದ ಮಾಸಾಶನ ಇದ್ದಕ್ಕಿದ್ದಂತೆ ನಿಂತರೆ ‘ಸರ್ಕಾರ ರದ್ದು ಮಾಡಿತು’ ಎಂದುಕೊಳ್ಳುವ ಮೊದಲು ಆಧಾರ್ ಮತ್ತು ಬ್ಯಾಂಕ್ ಖಾತೆಯ ಜೋಡಣೆ ಸರಿಯಿದೆಯೇ ನೋಡಿಸಿ. ಹಲವು ಸಲ ಕಾರಣ ಅಷ್ಟೇ ಇರುತ್ತದೆ.

ನಿಮ್ಮ ಮನೆಗೆ ಯಾವುದು?

ಕೃಷಿ ಅಥವಾ ಕೂಲಿಯ ಮನೆ: ಯುಡಿಐಡಿ, ರಾಜ್ಯದ ಮಾಸಾಶನ, ನಾಲ್ಕು ವೈಕಲ್ಯಗಳಲ್ಲಿ ಒಂದಿದ್ದರೆ ನಿರಾಮಯ. ಹಣದ ಲೆಕ್ಕದಲ್ಲಿ ಈ ಮನೆಗೇ ಕಡಿಮೆ ಸಿಗುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಹಾಗಾಗಿ ಇರುವುದನ್ನು ಒಂದೂ ಬಿಡಬಾರದು.

ಖಾಸಗಿ ನೌಕರಿಯ ಮನೆ: ಮೇಲಿನವುಗಳಲ್ಲಿ ಅರ್ಹತೆ ಇರುವಷ್ಟು, ಜೊತೆಗೆ ಪಿಎಫ್ ಪಿಂಚಣಿಯಲ್ಲಿ ಮಗುವಿನ ಹೆಸರು, ಇಎಸ್‌ಐ ಇದ್ದರೆ ಅದರಲ್ಲೂ ಹೆಸರು, ತೆರಿಗೆ ಕಟ್ಟುವವರಾದರೆ ಕಡಿತ.

ಸರ್ಕಾರಿ ನೌಕರರು ಅಥವಾ ಪಿಂಚಣಿದಾರರ ಮನೆ: ಪಿಪಿಒದಲ್ಲಿ ಹೆಸರು, ಜೀವನೋಪಾಯದ ಬಗ್ಗೆ ಸ್ಪಷ್ಟವಾಗಿ ಬರೆದ ವೈದ್ಯಕೀಯ ಪ್ರಮಾಣಪತ್ರ, ನಾಮನಿರ್ದೇಶನ, ತೆರಿಗೆ ಕಡಿತ.

ಮೂರೂ ಬಗೆಯ ಮನೆಗೆ ಒಂದೇ ಕಿವಿಮಾತು: ಯುಡಿಐಡಿ, ಆಧಾರ್, ಪಾಸ್‌ಬುಕ್, ವೈದ್ಯಕೀಯ ವರದಿ, ಪಿಪಿಒ ಅಥವಾ ಪಿಎಫ್ ಸಂಖ್ಯೆ, ಪಾಲಕತ್ವದ ಆದೇಶ ಇವುಗಳ ಪ್ರತಿಯನ್ನು ಒಂದೇ ಫೈಲಿನಲ್ಲಿಡಿ. ಮುಂದೆ ಆ ಮಗುವನ್ನು ನೋಡಿಕೊಳ್ಳುವವರು ಯಾರೋ, ಅವರಿಗೆ ಫೈಲು ಎಲ್ಲಿದೆ ಎಂದು ಈಗಲೇ ಹೇಳಿಡಿ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯಾವ ರಾಜ್ಯದ್ದು ಎಂದು ಬರೆದಿದೆಯೇ? ಯೋಜನೆಯ ಪೂರ್ತಿ ಹೆಸರು ಇದೆಯೇ? ವೈಕಲ್ಯ ಶೇಕಡಾ ಎಷ್ಟಿರಬೇಕು ಎಂದು ಹೇಳಿದೆಯೇ? ಲಿಂಕ್ ಸರ್ಕಾರಿ ವಿಳಾಸದ್ದೇ, ಅಂದರೆ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ? ಈ ನಾಲ್ಕರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಅದು ನಿಮ್ಮ ಬೆರಳಿನಿಂದ ಮುಂದೆ ಹೋಗಬಾರದು. ಒಟಿಪಿ ಅಥವಾ ‘ಪ್ರೊಸೆಸಿಂಗ್ ಫೀ’ ಕೇಳಿದರಂತೂ ಅದು ವಂಚನೆಯೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂಚಲೇಬೇಕೆಂದಿದ್ದರೆ ಈ ಎರಡು ಸಾಲು ಹಂಚಿ: ‘ಅಂಗವಿಕಲ ಮಕ್ಕಳಿಗೆ ತಂದೆ ತಾಯಿಯ ಕುಟುಂಬ ಪಿಂಚಣಿ 25ಕ್ಕೆ ನಿಲ್ಲುವುದಿಲ್ಲ, ಅರ್ಹರಿಗೆ ಜೀವನಪರ್ಯಂತ ಇದೆ. ಹೆತ್ತವರು ಇರುವಾಗಲೇ ಹೆಸರು ಸೇರಿಸಿ.’ ನಿಮ್ಮ ಗ್ರೂಪಿನಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರೋ, ಪೋಸ್ಟ್‌ಮಾಸ್ಟರೋ ಇದನ್ನು ಓದಿ ನಾಳೆ ಕಚೇರಿಗೆ ಹೋದರೆ ಅಷ್ಟು ಸಾಕು.